ಸ್ವಚ್ಛ ಇಡು ಎಂದವಳು ನಾನೇ

ಬಡವರನ್ನು ಆರಿಸುವುದು ನನ್ನ ಕೆಲಸವಾಗಿತ್ತು. ಹೀಗೆಂದರೆ ಕೆಲವರು ನಗುತ್ತಾರೆ. ನಿಮ್ಮ ಕಡೆ ಆರಿಸುವುದೇನು ಬಂತು, ಕಣ್ಣು ಮುಚ್ಚಿ ಕೈ ಚಾಚಿದರೆ ಸಿಗುತ್ತಾರಲ್ಲ ಎನ್ನುತ್ತಾರೆ. ಮಾಡಿ ನೋಡಿದವರಿಗೆ ಗೊತ್ತು ಅದರ ಕಷ್ಟ. ಬಡವರು ಬೇಕಾದಷ್ಟು ಸಿಗುತ್ತಾರೆ, ಆದರೆ ನೋಡಲು ಬಂದವರ ಕಣ್ಣಿಗೆ ಬಡವರಾಗಿ ಕಾಣುವುದು ಎಲ್ಲ ಬಡವರಿಗೂ ಬರುವುದಿಲ್ಲ.

ಯುರೋಪಿನ ಕೆಲವು ದೇಶಗಳು ಒಟ್ಟಾಗಿ ಬಡತನ ಮತ್ತು ಸಾಮಾಜಿಕ ಬಹಿಷ್ಕಾರದ ವಿರುದ್ಧ ಸಹಕಾರ ಎಂಬ ಒಂದು ಯೋಜನೆ ನಡೆಸುತ್ತಿದ್ದವು. ಮೊದಲು ತಮ್ಮ ತಮ್ಮ ಊರುಗಳಲ್ಲೇ ಮಾಡುತ್ತಿದ್ದರಂತೆ, ಆಮೇಲೆ ಹೊರಗಿನ ದೇಶಗಳಿಗೂ ಕೈ ಚಾಚಿದರು. ಅದರ ಒಂದು ತುದಿ ಬಂದು ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಬಿತ್ತು. ಕಚೇರಿ ಸೇಡಂನಲ್ಲಿ, ಒಂದು ಹಳೆಯ ಮನೆಯ ಮಹಡಿ ಮೇಲೆ. ಚಿಂಚೋಳಿಯ ತಾಂಡಾಗಳನ್ನು ಬೇರೆಯವರು ನೋಡಿಕೊಳ್ಳುತ್ತಿದ್ದರು. ನನ್ನ ಪಾಲಿಗೆ ಬಂದದ್ದು ಶಹಾಬಾದ್ ಮತ್ತು ವಾಡಿಯ ನಡುವಿನ ಖಣಿಯ ಊರುಗಳು. ನೆಲಕ್ಕೆ ಹಾಸುವ ಫರ್ಸಿ ಕಲ್ಲನ್ನು ಭೂಮಿಯೊಳಗಿಂದ ಎಬ್ಬಿಸಿ, ಕೊಯ್ದು, ಲಾರಿಗೆ ತುಂಬುವುದೇ ಅಲ್ಲಿನವರ ಬದುಕು. ನಾನು ಹುಟ್ಟಿ ಬೆಳೆದದ್ದು ಶಹಾಬಾದಿನಲ್ಲೇ. ಇಂಗ್ಲಿಷಿನಲ್ಲಿ ಎಂ.ಎ. ಆಗಿತ್ತು. ಹಾಗಾಗಿ ಬಡವರನ್ನು ಆರಿಸುವವಳೂ ನಾನೇ, ಹೊರದೇಶದವರು ಬಂದಾಗ ದುಭಾಷಿಯೂ ನಾನೇ.

ನಾನು ಇಲ್ಲಿ ಬರೆಯುತ್ತಿರುವ ಊರಿನಲ್ಲಿ ಮೊದಲ ಸಭೆ ಮಾಡಿದ ದಿನ ಸಾಮಾಜಿಕ ಬಹಿಷ್ಕಾರ ಅಂದರೆ ಏನು ಅಂತ ತಿಳಿಸಿ ಹೇಳಲು ಎದ್ದು ನಿಂತೆ. ಕೆಳಗಿನ ಓಣಿಯ ಒಬ್ಬ ಮುದುಕ ಕೈ ಎತ್ತಿದ.

"ಅದು ನಮಗ ಗೊತ್ತದರಿ ಅಕ್ಕೋರೆ. ಮುಂದಿನ ಮಾತು ಹೇಳ್ರಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಮುದುಕ ಮಾತ್ರ ನಗಲಿಲ್ಲ.

ಕೆಳಗಿನ ಓಣಿ ಎಂದರೆ ಊರು ಮುಗಿದ ಮೇಲೆ ಬರುವ ಓಣಿ. ಬುದ್ಧನ ಪಟ ಇಟ್ಟುಕೊಂಡ ಮನೆಗಳು. ಅಜ್ಜನ ಕಾಲದಲ್ಲಿ ಅವರನ್ನು ಹೊಲಸು ಎನ್ನುತ್ತಿದ್ದರು, ಮುಟ್ಟುತ್ತಿರಲಿಲ್ಲ. ಈಗ ಬಾಯಿ ಬಿಟ್ಟು ಹಾಗೆ ಅನ್ನುವುದಿಲ್ಲ, ಅಷ್ಟೇ ವ್ಯತ್ಯಾಸ. ಆ ಓಣಿಯ ಗಂಡಸರು ಖಣಿಯ ಕೆಳಗೆ ಇಳಿಯುವವರು, ಮೇಲಿನ ಓಣಿಯವರು ದಂಡೆಯ ಮೇಲೆ ನಿಂತು ಲೆಕ್ಕ ನೋಡುವವರು. ಧೂಳು ಯಾರ ಎದೆಗೆ ಹೋಗುತ್ತದೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಆ ಓಣಿಯ ಕೊನೆಯ ಮನೆಯವಳು ನನಗಿಂತ ಎರಡೋ ಮೂರೋ ವರ್ಷಕ್ಕೆ ದೊಡ್ಡವಳು. ಅವಳ ಗಂಡ ಹುಡುಗನಾಗಿದ್ದಾಗಿನಿಂದ ಕಲ್ಲು ಕೊಯ್ದು ಕೊಯ್ದು ಎದೆಯ ತುಂಬ ಕಲ್ಲಿನ ಹಿಟ್ಟು ತುಂಬಿಕೊಂಡು ಮಲಗಿದ್ದ. ಕಲಬುರಗಿಯ ದೊಡ್ಡ ದವಾಖಾನೆಯಲ್ಲಿ, ಇದು ವಾಸಿಯಾಗುವ ರೋಗ ಅಲ್ಲ, ಆಮ್ಲಜನಕದ ಮಷೀನು ಮನೆಯಲ್ಲಿದ್ದರೆ ಇನ್ನು ಕೆಲವು ವರ್ಷ ಉಸಿರಾಡುತ್ತಾನೆ, ಇಲ್ಲದಿದ್ದರೆ ಇಲ್ಲ ಎಂದು ಹೇಳಿ ಕಳಿಸಿದ್ದರು. ನಮ್ಮ ಯೋಜನೆಯಿಂದ ಅಂಥದ್ದೇ ಒಂದು ಮಷೀನು ಬರುವುದಿತ್ತು. ಊರಿಗೆ ಒಂದು, ಒಂದೇ ಒಂದು.

ಪಟ್ಟಿಯಲ್ಲಿ ಒಂದೇ ಹೆಸರಿದ್ದರೆ ಕಚೇರಿಯ ಮೇಲಿನವರು ಒಪ್ಪುತ್ತಿರಲಿಲ್ಲ. ಎರಡಾದರೂ ಇರಬೇಕು, ಬಂದವರು ಎರಡೂ ಮನೆ ನೋಡಿ ಒಂದನ್ನು ಆರಿಸಬೇಕು ಎಂಬುದು ನಿಯಮ. ಎರಡನೆಯ ಹೆಸರು ನಾನು ಹಾಕಿದ್ದು ಮೇಲಿನ ಓಣಿಯ ಮುಕಾದಮನದು. ಅವನು ಮೊದಲು ಖಣಿಯಲ್ಲಿ ಆಳುಗಳ ಮೇಲೆ ಇದ್ದವನು. ಬೀಡಿ ಸೇದಿ ಸೇದಿ ದಮ್ಮು ಹತ್ತಿತ್ತು. ನಮ್ಮ ಸಭೆಗೆ ಜಾಗ ಕೊಡುತ್ತಿದ್ದ, ಖುರ್ಚಿ ಕೊಡುತ್ತಿದ್ದ, ಹೆಂಗಸರನ್ನು ಕರೆಸಿ ಕೂರಿಸುತ್ತಿದ್ದ. ಅವನಿಲ್ಲದೆ ಆ ಊರಿನಲ್ಲಿ ನನ್ನ ಒಂದು ಸಹಿಯೂ ಆಗುತ್ತಿರಲಿಲ್ಲ. ಅವನ ಹೆಸರು ಹಾಕಿದರೂ ಮಷೀನು ಅವಳ ಮನೆಗೇ ಹೋಗುತ್ತದೆ ಎಂದು ನಾನು ನಂಬಿದ್ದೆ. ಅವಳ ಗಂಡನನ್ನು ಒಮ್ಮೆ ನೋಡಿದವರು ಬೇರೆ ಮಾತಾಡುವ ಹಾಗೆಯೇ ಇರಲಿಲ್ಲ.

ಇನ್ನು ನಮ್ಮ ಕೆಲಸದ ಒಂದು ಗುಟ್ಟು ಹೇಳುತ್ತೇನೆ. ಹೊರಗಿನವರು ಬರುವ ಎರಡು ದಿನ ಮೊದಲು ನಾವು ಮನೆ ಮನೆಗೆ ಹೋಗಿ ತಯಾರಿ ಮಾಡಿಸುತ್ತಿದ್ದೆವು. ತಯಾರಿ ಎಂದರೆ ಮನೆಯನ್ನು ಬಡವಾಗಿ ಕಾಣಿಸುವುದು. ಯಾರೂ ಕಲಿಸಿದ್ದಲ್ಲ, ಒಬ್ಬರನ್ನು ನೋಡಿ ಒಬ್ಬರು ಕಲಿತದ್ದು. ಟೀವಿ ಒಳಗಿಡಿ, ಗೋಡೆಯ ಮೇಲಿನ ಮದುವೆ ಫೋಟೋ ಇಳಿಸಿ, ಕಸ ಹೊಡೆಯಬೇಡಿ, ಮಕ್ಕಳ ಮುಖ ತೊಳೆಯಬೇಡಿ. ಮುಕಾದಮನ ಮನೆಯಲ್ಲಿ ಫ್ರಿಜ್ ಇತ್ತು. ಅದನ್ನು ನಾಲ್ಕು ಜನ ಹೊತ್ತು ದನದ ಕೊಟ್ಟಿಗೆಗೆ ಸಾಗಿಸುವಾಗ ನಾನೇ ಮುಂದೆ ನಿಂತು "ಸಾವಕಾಶ್ರಿ, ಸಾವಕಾಶ್ರಿ" ಎನ್ನುತ್ತಿದ್ದೆ. ಅದು ನಿಂತಿದ್ದ ಕಡೆ ನೆಲದ ಮೇಲೆ ಬೆಳ್ಳಗೆ ಚೌಕದ ಗುರುತು ಉಳಿದಿತ್ತು. ಅದರ ಮೇಲೆ ಒಂದು ಜೋಳದ ಚೀಲ ಇಡಿಸಿದೆ.

"ನೀವು ಭಾಳ ಹುಷಾರಿ ಅದೀರಿ ಬಿಡ್ರಿ ಅಕ್ಕೋರೆ," ಎಂದ ಮುಕಾದಮ.

ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ.

ಅಲ್ಲಿಂದ ಕೆಳಗಿನ ಓಣಿಗೆ ಇಳಿದೆ. ಅವಳ ಮನೆಯಲ್ಲಿ ತಯಾರಿಗೆ ಏನೂ ಇರಲಿಲ್ಲ. ಒಂದು ಹೊರಸು, ಅದರ ಮೇಲೆ ಮೂಳೆಯಂತಾದ ಗಂಡ, ಪಕ್ಕದಲ್ಲಿ ಉಗುಳಲು ಬೂದಿ ಹಾಕಿದ ಡಬ್ಬಿ, ಮೂಲೆಯಲ್ಲಿ ಒಲೆ. ಅವನು ಉಸಿರು ಎಳೆಯುವ ಸಪ್ಪಳ ಬಾಗಿಲಿಗೇ ಕೇಳುತ್ತಿತ್ತು. ಇಲ್ಲಿ ಹೇಳುವುದು ಏನೂ ಇಲ್ಲ, ಇದ್ದಂತೆ ಇದ್ದರೆ ಸಾಕು ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಆದರೆ ಏನಾದರೂ ಹೇಳದೆ ಹೋಗಲು ನನಗೆ ಬರುವುದಿಲ್ಲ.

"ನಾಡಿದ್ದು ಹೊರದೇಶದವರು ಬರ್ತಾರ. ಮನಿ ಜರಾ ಸ್ವಚ್ಛ ಇಡು," ಎಂದೆ.

"ಆಯ್ತ್ರಿ ಅಕ್ಕೋರೆ," ಎಂದಳು.

ಈ ಮಾತನ್ನು ನಾನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ. ನನ್ನ ಪಾಲಿನ ಊರುಗಳೆಲ್ಲ ಸೇರಿ ಹದಿನೈದು ಮನೆಗಳಲ್ಲಿ ಕಸ ಹೊಡೆಯಬೇಡಿ ಎಂದವಳು, ಈ ಒಂದು ಮನೆಯಲ್ಲಿ ಸ್ವಚ್ಛ ಇಡು ಎಂದೆ. ಮೇಲಿನ ಓಣಿಯಲ್ಲಿ ಮುಕಾದಮನ ಹೆಂಡತಿಗೆ ಇಡ್ರಿ, ತೆಗೀರಿ ಎಂದವಳು, ಇವಳಿಗೆ ಇಡು ಎಂದೆ. ಯೋಚಿಸಿ ಹೇಳಿದ್ದಲ್ಲ. ಯೋಚಿಸದೆ ಬಾಯಿಗೆ ಬಂದದ್ದೇ ನನ್ನ ನಿಜವಾದ ಮಾತು. ಆ ಓಣಿಗೆ ಕಾಲಿಟ್ಟ ಕೂಡಲೆ ನನ್ನ ಬಾಯಿಗೆ ಬಂದದ್ದು ಸ್ವಚ್ಛತೆಯ ಉಪದೇಶ. ನಾನು ಬಹಿಷ್ಕಾರದ ವಿರುದ್ಧ ಕೆಲಸ ಮಾಡುತ್ತಿದ್ದವಳು. ಅವರ ಮನೆಯ ಚಹಾ ಕುಡಿಯುತ್ತೇನೆ ಎಂದು ನನ್ನ ಅವ್ವನ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದವಳು.

ಬಂದವರು ಇಬ್ಬರು. ಹೈದರಾಬಾದಿನಲ್ಲಿ ವಿಮಾನ ಇಳಿದು ಸೇಡಂ ಮೇಲೆ ಕಾರಿನಲ್ಲಿ ಬಂದರು. ಒಬ್ಬಳು ತಲೆಯೆಲ್ಲ ಬೆಳ್ಳಗಾದ ಹೆಂಗಸು, ಇನ್ನೊಬ್ಬ ಅವಳಿಗಿಂತ ಚಿಕ್ಕ ವಯಸ್ಸಿನ ಗಂಡಸು. ಬೇರೆ ಬೇರೆ ದೇಶದವರು. ಅವರನ್ನು ಕೆಟ್ಟವರು ಎನ್ನಲು ನನಗೆ ಒಂದು ಕಾರಣವೂ ಸಿಗುವುದಿಲ್ಲ. ಸಿಕ್ಕಿದ್ದರೆ ನನ್ನ ಪಾಡು ಹಗುರಾಗುತ್ತಿತ್ತು. ಹೆಂಗಸು ದಾರಿಯುದ್ದಕ್ಕೂ ತನ್ನ ಊರಿನ ಬಡವರ ಬಗ್ಗೆ ಹೇಳುತ್ತಿದ್ದಳು. ಅಲ್ಲಿ ಯಾರೂ ಯಾರ ಮನೆಗೂ ಹೋಗುವುದಿಲ್ಲ, ಒಂಟಿಯಾಗಿ ಸತ್ತರೂ ವಾರಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ, ನಿಮ್ಮಲ್ಲಿ ಹಾಗಿಲ್ಲವಲ್ಲ, ನೀವು ಪುಣ್ಯವಂತರು ಎಂದಳು. ನಾನು ಹೌದು ಹೌದು ಎಂದೆ. ಗಂಡಸಿನ ಕೈಯಲ್ಲಿ ಒಂದು ಪ್ರಶ್ನೆಗಳ ಹಾಳೆ. ನೆಲ ಮಣ್ಣಿನದೋ ಗಟ್ಟಿಯದೋ, ಪಾತ್ರೆ ಎಷ್ಟು, ರೋಗಿ ಎದ್ದು ಓಡಾಡಬಲ್ಲನೋ ಇಲ್ಲವೋ. ಒಂದೊಂದಕ್ಕೂ ಒಂದು ಗುರುತು ಹಾಕುವುದು.

ಮೊದಲು ಮುಕಾದಮನ ಮನೆ. ನಾನು ಹೇಳಿದ್ದಕ್ಕಿಂತ ನಾಲ್ಕು ಪಾಲು ಚೆನ್ನಾಗಿ ಮಾಡಿದ್ದರು. ಹರಿದ ಕೌದಿಯ ಮೇಲೆ ಮಲಗಿ ಅವನು ಗೊರಗೊರ ಎನ್ನುತ್ತಿದ್ದ. ಹೆಂಡತಿ ತಲೆ ಬಾಚಿರಲಿಲ್ಲ. ನೆಲದ ಫರ್ಸಿಯ ಮೇಲೆ ಕೊಟ್ಟಿಗೆಯ ಮಣ್ಣು ತಂದು ಹರಡಿದ್ದರು, ಅದು ನನಗೂ ಹೊಳೆದಿರಲಿಲ್ಲ. ಬೆಳ್ಳನೆಯ ತಲೆಯ ಹೆಂಗಸು ಅವನ ಕೈ ಹಿಡಿದುಕೊಂಡು ಕುಳಿತಳು. ಅವನೂ ಕಣ್ಣಲ್ಲಿ ನೀರು ತಂದ.

ಆಮೇಲೆ ಕೆಳಗಿನ ಓಣಿ. ಬಾಗಿಲಲ್ಲಿ ಅವಳು ಕೈ ಮುಗಿದು ನಿಂತಿದ್ದಳು. ಯಾರದೋ ಹಸಿರು ಜರಿ ಸೀರೆ ಉಟ್ಟಿದ್ದಳು, ಸೆರಗಿನ ಇಸ್ತ್ರಿಯ ಮಡಿಕೆ ಇನ್ನೂ ಹಾಗೇ ಇತ್ತು. ಮನೆಗೆ ಸುಣ್ಣ ಹೊಡೆದಿದ್ದರು. ಒಳಗೆ ಕಾಲಿಟ್ಟೆ.

ನೆಲ ಥಳಥಳ ಹೊಳೆಯುತ್ತಿತ್ತು. ನಮ್ಮ ಕಡೆ ಕಡುಬಡವನ ಮನೆಯೂ ಫರ್ಸಿಯದೇ, ಖಣಿಯಲ್ಲಿ ಒಡೆದು ಬಿಸಾಡಿದ ಚೂರುಗಳನ್ನು ತಂದು ಹಾಸಿಕೊಳ್ಳುತ್ತಾರೆ. ಅವಳು ಅದನ್ನು ಇಟ್ಟಿಗೆ ಪುಡಿ ಹಾಕಿ ತಿಕ್ಕಿ ತಿಕ್ಕಿ ಮುಖ ಕಾಣುವ ಹಾಗೆ ಮಾಡಿದ್ದಳು. ಗೋಡೆಯ ಹಲಗೆಯ ಮೇಲೆ ಸ್ಟೀಲಿನ ಕೊಡ, ತಂಬಿಗೆ, ತಾಟು, ವಾಟಗ ಸಾಲಾಗಿ ಹೊಂದಿಸಿಟ್ಟಿದ್ದಳು. ಇಡೀ ಓಣಿಯ ಪಾತ್ರೆ ಅಲ್ಲಿತ್ತು. ಎರಡು ಪ್ಲಾಸ್ಟಿಕ್ ಖುರ್ಚಿ, ಉದುಬತ್ತಿ, ಬುದ್ಧನ ಪಟಕ್ಕೆ ಹೊಸ ಹಾರ. ಹೊರಸು ಇರಲಿಲ್ಲ. ಡಬ್ಬಿ ಇರಲಿಲ್ಲ. ಗಂಡ ಇರಲಿಲ್ಲ. ಅವನು ಮಲಗುತ್ತಿದ್ದ ಜಾಗದಲ್ಲಿ ಎಂಟು ಎಸಳಿನ ರಂಗೋಲಿ ಹಾಕಿದ್ದಳು.

ಅವಳನ್ನು ಒಲೆಯ ಕಡೆ ಎಳೆದುಕೊಂಡು ಹೋಗಿ ಕೇಳಿದೆ.

"ಎಲ್ಲಿ ಅದಾನ ಅಂವ?"

"ಬಾಜೂ ಮನ್ಯಾಗ ಇಟ್ಟೀನ್ರಿ. ನೀವೇ ಹೇಳಿದ್ರೆಲ್ಲ ಸ್ವಚ್ಛ ಇಡು ಅಂತ. ಕೆಮ್ಮಿ ಕೆಮ್ಮಿ ಉಗುಳ್ತಾರ್ರಿ ನಮ್ಮ ಮಾಲಕ್ರು. ದೂರಿಂದ ಬಂದ ಮಂದಿ ಎದುರು ಚೆಂದ ಇರ್ತದೇನ್ರಿ?" ಎಂದಳು. ನಾನು ಹೊಗಳುತ್ತೇನೆ ಎಂದು ಕಾಯುತ್ತಿದ್ದಳು.

ಅವಳ ತಪ್ಪು ಏನು? ಹೊರಗಿನವರು ಬಂದು ಮನೆ ನೋಡುವುದನ್ನು ಅವಳು ಕಂಡಿದ್ದು ಕನ್ಯಾ ನೋಡಲು ಬಂದಾಗ ಮಾತ್ರ. ಆಗ ತುಂಬಿದ ಮನೆ ಗೆಲ್ಲುತ್ತದೆ, ತೊಳೆದ ಮನೆ ಗೆಲ್ಲುತ್ತದೆ. ಅದರ ಮೇಲೆ ಅವಳ ಓಣಿಯನ್ನು ಹೊಲಸು ಹೊಲಸು ಎಂದು ಎಷ್ಟು ತಲೆಮಾರು ಅಂದಿದ್ದಾರೆ. ಏನು ಕೊಡಲು ಯಾರು ಬಂದರೂ ಆ ಓಣಿಯವರು ಮೊದಲು ತೋರಿಸುವುದು ತಮ್ಮ ಮನೆ ಹೊಲಸಲ್ಲ ಎಂಬುದನ್ನೇ. ಮೇಲಿನ ಓಣಿಯವರಿಗೆ ಆ ಚಿಂತೆ ಇಲ್ಲ, ಮಣ್ಣು ಹರಡಿಕೊಂಡು ಕೂತರೂ ಅವರನ್ನು ಯಾರೂ ಹೊಲಸು ಎನ್ನುವುದಿಲ್ಲ.

ಬಂದವರು ಖುರ್ಚಿಯ ಮೇಲೆ ಕುಳಿತರು. ರೋಗಿ ಎಲ್ಲಿ ಎಂದು ಆ ಹೆಂಗಸು ಕೇಳಿದಳು. ನಾನು ಕನ್ನಡದಲ್ಲಿ ಹೇಳಿದೆ. ಅವಳು ನನ್ನ ಮುಖವನ್ನೂ ಅವರ ಮುಖವನ್ನೂ ನೋಡಿದಳು. ಬಚ್ಚಿಟ್ಟಿದ್ದೇನೆ ಎಂದು ಹೇಗೆ ಹೇಳುತ್ತಾಳೆ?

"ದಂಡೋತಿಗಿ ಹೋಗ್ಯಾರ್ರಿ, ಬೀಗರ ಮನಿಗಿ," ಎಂದಳು.

ಆಗ ನಾನು ಹೇಳಬೇಕಾಗಿದ್ದದ್ದು ಒಂದೇ ಒಂದು ಮಾತು. ಇಲ್ಲ, ಪಕ್ಕದ ಮನೆಯಲ್ಲಿ ಇದ್ದಾನೆ, ನಿಮಗೆ ಹೊಲಸು ಕಾಣಬಾರದು ಎಂದು ಬೆಳಿಗ್ಗೆ ಹೊತ್ತೊಯ್ದು ಇಟ್ಟಿದ್ದಾರೆ, ಬನ್ನಿ ತೋರಿಸುತ್ತೇನೆ. ಅಷ್ಟು ಹೇಳಲು ಅರ್ಧ ನಿಮಿಷ ಸಾಕು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ನನ್ನ ಗತಿ ಅದೇ. ಈ ಮನೆಯಲ್ಲಿ ಬಚ್ಚಿಟ್ಟಿದ್ದಾರೆ ಎಂದರೆ ಬೇರೆ ಮನೆಗಳಲ್ಲಿ ಏನು ಬಚ್ಚಿಟ್ಟಿದ್ದಾರೆ ಎಂದು ಕೇಳುವುದಿಲ್ಲವೇ? ಮುಕಾದಮನ ಕೊಟ್ಟಿಗೆಗೆ ಹೋದರೆ ಫ್ರಿಜ್ ನಿಂತಿದೆ. ನನ್ನ ಕೆಲಸ ಹೋಗುತ್ತದೆ, ಹದಿನೈದು ಮನೆಗಳ ಪಟ್ಟಿಯೂ ಹೋಗುತ್ತದೆ. ಇಷ್ಟನ್ನೂ ನಾನು ಅರ್ಧ ನಿಮಿಷದೊಳಗೇ ಯೋಚಿಸಿದೆ. ಆಮೇಲೆ ಅವರ ಕಡೆ ತಿರುಗಿ, ಬೇರೆ ಊರಿಗೆ ಹೋಗಿದ್ದಾನಂತೆ, ಸಂಬಂಧಿಕರ ಮನೆಗೆ ಎಂದು ಚೊಕ್ಕ ಇಂಗ್ಲಿಷಿನಲ್ಲಿ ಹೇಳಿದೆ.

"ಓಡಾಡುತ್ತಾನೆ ಅಂದ ಹಾಗಾಯಿತು. ಒಳ್ಳೆಯದೇ," ಎಂದು ಗಂಡಸು ಗುರುತು ಹಾಕಿದ.

ಆಗಲೇ ಗೋಡೆಯ ಆಚೆಯಿಂದ ಕೆಮ್ಮು ಕೇಳಿತು. ಕಲ್ಲಿನ ಮೇಲೆ ಕಲ್ಲು ಎಳೆದ ಹಾಗಿರುವ ಆ ಕೆಮ್ಮು. ಇಬ್ಬರೂ ತಲೆ ಎತ್ತಿದರು. ಅವಳು ಗಾಬರಿಯಾಗಿ ಜೋರಾಗಿ ಹೇಳಿದಳು.

"ಬಾಜೂ ಮನಿ ಮುದುಕರಿ!"

ಪಕ್ಕದ ಮನೆಯ ಮುದುಕ ಎಂದು ಹೇಳಿದೆ. ಬೆಳ್ಳನೆಯ ತಲೆಯ ಹೆಂಗಸು ಖುರ್ಚಿಯಿಂದ ಅರ್ಧ ಎದ್ದಳು. ಅವರದ್ದು ಬಹಳ ಕೆಟ್ಟದಾಗಿ ಕೇಳಿಸುತ್ತಿದೆಯಲ್ಲ, ಅವರನ್ನೂ ನೋಡಿ ಹೋಗೋಣವೇ ಎಂದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಅವರ ಹೆಸರು ಪಟ್ಟಿಯಲ್ಲಿಲ್ಲ, ಹೊತ್ತಾಗುತ್ತದೆ ಎಂದೆ. ಅವಳು ಕುಳಿತಳು.

ಚಹಾ ಬಂತು. ಜತೆಗೆ ಪಕ್ಕದ ಮನೆಯಿಂದ ತಂದ ಚೂಡಾ. ಅವರು ಹೊರಗಿನ ನೀರು ಮುಟ್ಟುತ್ತಿರಲಿಲ್ಲ, ಹೊಟ್ಟೆಯ ಭಯ. ಕಪ್ಪನ್ನು ತುಟಿಯ ಹತ್ತಿರ ಒಯ್ದು ಹಾಗೇ ಕೆಳಗಿಟ್ಟರು. ಅವಳು ಅದನ್ನು ನೋಡಿದಳು. ಕಷ್ಟ ಏನಾದರೂ ಇದೆಯೇ ಎಂದು ಕೊನೆಯ ಪ್ರಶ್ನೆ ಕೇಳಿದರು. ಮನೆಗೆ ಬಂದವರ ಮುಂದೆ ಯಾವ ಮರ್ಯಾದಸ್ಥೆ ತನ್ನ ಕಷ್ಟ ಹೇಳಿಕೊಳ್ಳುತ್ತಾಳೆ?

"ನಿಮ್ಮ ಪುಣ್ಯಾರಿ, ಎಲ್ಲಾ ಬರೋಬರ್ ಅದ," ಎಂದಳು.

ಅದನ್ನೂ ಒಂದಕ್ಷರ ಬಿಡದೆ ಹೇಳಿದೆ. ಅಂಥ ಪ್ರಾಮಾಣಿಕ ದುಭಾಷಿ ನಾನು. ಹೊರಗೆ ಬಂದ ಮೇಲೆ ಬೆಳ್ಳನೆಯ ತಲೆಯವಳು, ಎಂಥ ಸುಂದರ ಮನೆ, ಎಂಥ ಸ್ವಾಭಿಮಾನದ ಹೆಣ್ಣು, ಇವರನ್ನು ನೋಡಿ ಬಹಳ ಸಂತೋಷವಾಯಿತು ಎಂದಳು.

ಮಷೀನು ಮುಕಾದಮನ ಮನೆಗೆ ಬಂತು. ಅದರ ಮೇಲೆ ಯುರೋಪಿನವರ ಬಾವುಟದ, ನಕ್ಷತ್ರಗಳಿರುವ ನೀಲಿ ಚೀಟಿ ಅಂಟಿಸಬೇಕು, ಓರೆಯಾಗಬಾರದು ಎಂದು ಸೇಡಂನಿಂದ ಫೋನು. ನಾನೇ ಹೋಗಿ ಅಂಟಿಸಿದೆ. ಮಷೀನನ್ನು ಬೇರೆಯವರಿಗೆ ಕೊಡಬೇಡಿ, ಪರಿಶೀಲನೆಗೆ ಬಂದಾಗ ಇಲ್ಲೇ ಇರಬೇಕು ಎಂದೂ ಹೇಳಿದೆ. ಅದು ನಿಯಮ.

ಎರಡು ವಾರದ ಮೇಲೆ ಅವಳು ಮುಕಾದಮನ ಮನೆಗೆ ಹೋಗಿದ್ದಳಂತೆ. ದಿನಕ್ಕೆ ಒಂದು ತಾಸು ಗಂಡನನ್ನು ಹೊತ್ತು ತರುತ್ತೇನೆ, ನಿಮ್ಮ ಅಂಗಳದಲ್ಲೇ ಕೂರಿಸುತ್ತೇನೆ, ಒಳಗೆ ಬರುವುದಿಲ್ಲ, ನಳಿಕೆ ಅಷ್ಟು ಹೊರಗೆ ಚಾಚಿರಿ ಎಂದು ಕೇಳಿದ್ದಳಂತೆ. ಮುಕಾದಮನ ಹೆಂಡತಿಯೇ ಇದನ್ನು ನಗುತ್ತಾ ನನಗೆ ಹೇಳಿದಳು.

"ನೀವೇ ಹೇಳೀರೆಲ್ರಿ, ಹೊರಗ ಕೊಡಬ್ಯಾಡ್ರಿ ಅಂತ. ನಾ ಖಡಾಖಂಡಿ ಹೇಳಿ ಕಳ್ಸೀನಿ."

"ಬರೋಬರ್ ಮಾಡೀರಿ," ಎಂದೆ.

ಒಂದು ದಿನ ಅವಳು ನನ್ನನ್ನೇ ಹುಡುಕಿಕೊಂಡು ವಾಡಿಗೆ ಬಂದಳು. ಸ್ಟೇಷನ್ನಿನ ಹೊರಗೆ ಆಟೋ ನಿಲ್ಲುವ ಕಡೆ ನಾನು ನಿಂತಿದ್ದೆ. ಅವಳಿಗೆ ಸಿಟ್ಟು ಬಂದಿರಬಹುದು, ಬೈಯಬಹುದು ಎಂದು ಸುತ್ತ ಯಾರ್‍ಯಾರು ಇದ್ದಾರೆ ಎಂದು ಮೊದಲು ನೋಡಿಕೊಂಡೆ. ಅವಳಿಗೆ ಸಿಟ್ಟೇ ಇರಲಿಲ್ಲ. ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ನನಗೆಂದು ತಂದ ಹಸಿ ಕಡಲೆ ಗಿಡದ ಕಟ್ಟು.

"ಅಕ್ಕೋರೆ, ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಅವ್ರು ನಮ್ಮ ಚಹಾ ಕುಡೀಲಿಲ್ಲ. ನಮ್ಮ ಓಣಿ ಯಾವುದು ಅಂತ ಅವ್ರಿಗಿ ಯಾರು ಹೇಳಿದ್ರು?"

ಯಾರೂ ಹೇಳಿಲ್ಲ, ಅವರು ಮುಕಾದಮನ ಮನೆಯಲ್ಲೂ ಕುಡಿಯಲಿಲ್ಲ ಎಂದೆ. ಅವಳು ನಂಬಿದಳೋ ಇಲ್ಲವೋ. ಮತ್ತೆ ಕೇಳಿದಳು.

"ಹಂಗಾದ್ರ ಏನು ಕಮ್ಮಿ ಆಯ್ತ್ರಿ? ಮನಿ ಇನ್ನಾ ಸ್ವಚ್ಛ ಇಡಬೇಕಿತ್ತೇನ್ರಿ?"

ಆ ಗಳಿಗೆಯಲ್ಲಾದರೂ ನಿಜ ಹೇಳಬಹುದಿತ್ತು. ನಿನ್ನ ಮನೆ ಸ್ವಚ್ಛ ಇದ್ದದ್ದೇ ತಪ್ಪಾಯಿತು, ತಪ್ಪು ಹೇಳಿಕೊಟ್ಟವಳು ನಾನು, ನಿನ್ನ ಗಂಡ ಗೋಡೆಯ ಆಚೆ ಇದ್ದಾನೆ ಎಂದು ತಿಳಿದೂ ನಾನು ಬಾಯಿ ಬಿಡಲಿಲ್ಲ. ಹೇಳಿದ್ದರೆ ಅಲ್ಲೇ ನನ್ನ ಸೆರಗು ಹಿಡಿದು ಕೂಗುತ್ತಿದ್ದಳು, ಆಟೋದವರೆಲ್ಲ ಬಂದು ಸೇರುತ್ತಿದ್ದರು. ನನ್ನ ಆಟೋ ಹೊರಡಲು ತಯಾರಾಗಿತ್ತು, ಹತ್ತಿ ಕುಳಿತೆ.

"ಹೂಂ," ಎಂದೆ. "ಜರಾ ಇನ್ನಾ ಸ್ವಚ್ಛ ಇರಬೇಕಿತ್ತು. ಮುಂದಿನ ಸಲ ಬರ್ತಾರ, ಆಗ ನೋಡೂಣು."

ಮುಂದಿನ ಸಲ ಎಂಬುದೇ ಇರಲಿಲ್ಲ. ಆ ಊರಿನ ಪಾಲಿನದು ಮುಗಿದಿತ್ತು, ಕಾಗದದಲ್ಲಿ ಸಹಿಯೂ ಆಗಿತ್ತು. ಅವಳ ಮುಖ ಅರಳಿತು. ಕಡಲೆಯ ಕಟ್ಟನ್ನು ನನ್ನ ಮಡಿಲಿಗೆ ಹಾಕಿ, ಆಟೋ ಹೊರಡುವವರೆಗೂ ನಿಂತಿದ್ದಳು. ಶಹಾಬಾದ್ ಬರುವಷ್ಟರಲ್ಲಿ ನಾನು ಅರ್ಧ ಕಡಲೆ ಬಿಡಿಸಿಕೊಂಡು ತಿಂದಿದ್ದೆ.

ಏಳೆಂಟು ತಿಂಗಳ ಮೇಲೆ ಯೋಜನೆಯ ಮೂರು ವರ್ಷ ಮುಗಿಯಿತು. ಕೊನೆಯ ವರದಿಗೆ ಮಷೀನಿನ ಫೋಟೋ ಬೇಕಾಗಿತ್ತು. ಸೇಡಂನಿಂದ ಕಚೇರಿಯ ಜೀಪು ತಂದೆವು, ನಾನು ಮತ್ತು ಡ್ರೈವರ್ ಇಬ್ಬರೇ. ನೆರಳಿದೆ ಎಂದು ಅವನು ಕೆಳಗಿನ ಓಣಿಯ ಬಾಯಲ್ಲಿ, ಬೇವಿನ ಗಿಡದ ಕೆಳಗೆ ಜೀಪು ನಿಲ್ಲಿಸಿದ. ನಾನು ಮುಕಾದಮನ ಮನೆಗೆ ನಡೆದುಕೊಂಡು ಹೋದೆ. ಮುಕಾದಮ ಇರಲಿಲ್ಲ, ಬೈಕ್ ಹತ್ತಿ ಚಿತ್ತಾಪುರಕ್ಕೆ ಯಾವುದೋ ಮದುವೆಗೆ ಹೋಗಿದ್ದ. ಮಷೀನಿನ ಮೇಲೆ ಹೆಣೆದ ಬಟ್ಟೆ ಹೊದಿಸಿ, ಅದರ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ ಇಟ್ಟಿದ್ದರು. ಕುಂಡ ತೆಗೆಸಿ ನೀಲಿ ಚೀಟಿ ಕಾಣುವ ಹಾಗೆ ಫೋಟೋ ಹೊಡೆದೆ.

ಜೀಪಿಗೆ ವಾಪಸು ಬಂದಾಗ ಅವಳು ಓಣಿಯ ಆ ಕೊನೆಯ ತನ್ನ ಬಾಗಿಲಿಂದ ಕೈ ಮಾಡಿ ಕರೆದಳು, ಹತ್ತಿರ ಹೋದೆ. ಮುಖದ ಮೇಲೆ ಬೆವರು, ಏದುಸಿರು.

"ಬರ್ರಿ ಅಕ್ಕೋರೆ, ಒಳಗ ಬರ್ರಿ. ಕುಂದ್ರಿ. ಚಹಾ ಇಟ್ಟೀನಿ."

ಒಳಗೆ ಹೋದೆ. ನೆಲ ಅವತ್ತಿಗಿಂತಲೂ ಹೊಳೆಯುತ್ತಿತ್ತು. ಹಲಗೆಯ ಮೇಲೆ ಪಾತ್ರೆ ಕಡಿಮೆ ಇದ್ದವು, ಇದ್ದವನ್ನೇ ದೂರ ದೂರ ಇಟ್ಟು ಸಾಲು ತುಂಬಿಸಿದ್ದಳು. ಹೊರಸು ಇರಲಿಲ್ಲ. ಅವಳು ಬಾಗಿಲಾಚೆ ಇಣುಕಿ ಮೆಲ್ಲಗೆ ಕೇಳಿದಳು.

"ಗಾಡಿಯಾಗ ಅವ್ರು ಬಂದಾರೇನ್ರಿ?"

ಇಲ್ಲ ಎನ್ನಬೇಕಿತ್ತು. ಇಲ್ಲ ಎಂದರೆ ಯಾವಾಗ ಬರುತ್ತಾರೆ ಎನ್ನುತ್ತಾಳೆ, ಆಗ ಎಲ್ಲ ಮುಗಿದಿದೆ ಎನ್ನಬೇಕಾಗುತ್ತದೆ.

"ಮೊದಲ ಚಹಾ ಕೊಡು," ಎಂದೆ.

ಹಿಂದಿನ ಗೋಡೆಯ ಆಚೆ ಕೆಮ್ಮು ಶುರುವಾಯಿತು. ಅವಳು ಓಡಿ ಹೋಗಿ ಹಿಂದಿನ ಬಾಗಿಲು ಹಾಕಿದಳು. ಬಂದು ಚಹಾ ಸೋಸುತ್ತಾ ಹೇಳಿದಳು.

"ಬಾಜೂ ಮನಿಯವ್ರು ಈಗ ಒಳಗ ಕರ್ಕೊಳ್ಳಂಗಿಲ್ರಿ, ಅವ್ರ ಮನ್ಯಾಗ ಬಾಳಂತಿ ಅದಾಳ. ಅದಕ್ಕ ಹಿಂದ ಆಡು ಕಟ್ಟೋ ಛಪ್ಪರದಾಗ ಹಾಕ್ತೀನಿ. ಊರಾಗ ಜೀಪಿನ ಸಪ್ಪಳ ಕೇಳಿತು ಅಂದ್ರ ನಾನೊಬ್ಬಾಕೀನೇ ಎತ್ತಿ ಒಯ್ತೀನ್ರಿ, ಹಗುರ ಆಗ್ಯಾರ. ರೂಢಿ ಆಗ್ಯದ ಈಗ. ಮೊನ್ನಿ ಕರೆಂಟಿನವ್ರ ಜೀಪು ಬಂದಾಗೂ ಒಯ್ದಿದ್ದೆ."

ಚಹಾ ಕೈಗೆ ಬಂತು. ನಾನು ಕುಡಿಯುತ್ತಾ ಕುಳಿತೆ. ಕೆಮ್ಮು ಇನ್ನೂ ಕೇಳುತ್ತಿತ್ತು, ಬರಬರುತ್ತಾ ಬಾಯಿ ಮುಚ್ಚಿ ಕೆಮ್ಮಿದ ಹಾಗೆ ಸಣ್ಣದಾಯಿತು. ಆಮೇಲೆ ನಿಂತಿತು.

"ಸುಮ್ನಾದ್ರು ನೋಡ್ರಿ," ಎಂದಳು, ಸಮಾಧಾನದಿಂದ. "ಮಂದಿ ಬಂದಾರಂತ ಅವ್ರಿಗೂ ತಿಳೀತದ. ಚಹಾ ಕುಡೀರಿ, ಆರ್ತದ."

ಕುಡಿದು ಮುಗಿಸಿದೆ. ಆಮೇಲೆ ಯಾಕೋ ಅವನನ್ನು ಒಮ್ಮೆ ನೋಡಬೇಕು ಅನಿಸಿತು. ಬ್ಯಾಡ್ರಿ, ಅಲ್ಲಿ ಹೊಲಸದ ಎಂದು ಅವಳು ಅಡ್ಡ ಬಂದಳು. ನಾನು ಬಾಗಿಲು ತೆಗೆದು ಹಿಂದೆ ಹೋದೆ. ಆಡಿನ ಹಿಕ್ಕೆಗಳ ನಡುವೆ ಗೊಬ್ಬರದ ಚೀಲ ಹಾಸಿ ಅವನನ್ನು ಗೂಟಕ್ಕೆ ಒರಗಿಸಿ ಕೂರಿಸಿದ್ದಳು. ಹೆಗಲ ಮೇಲಿನ ಟವೆಲನ್ನು ಅವನು ಎರಡೂ ಕೈಯಿಂದ ತನ್ನ ಬಾಯಿಗೆ ತುರುಕಿಕೊಂಡಿದ್ದ, ಕೆಮ್ಮು ಕೇಳಬಾರದೆಂದು. ಕೈ ಇನ್ನೂ ಅಲ್ಲೇ ಇತ್ತು. ಕಣ್ಣು ತೆರೆದಿತ್ತು. ಅವಳು ಟವೆಲನ್ನು ಎಳೆದು ತೆಗೆದು, ಮೂಗಿನ ಹತ್ತಿರ ಕೆನ್ನೆ ಇಟ್ಟಳು. ತುಂಬ ಹೊತ್ತು ಹಾಗೇ ಇದ್ದಳು. ಉಸಿರು ಇರಲಿಲ್ಲ.

ಅವಳು ಆಗಲೇ ಅಳಲಿಲ್ಲ. ಗಂಡನ ತುಟಿಯ ಸುತ್ತ ಇದ್ದದ್ದನ್ನು ಸೆರಗಿನಿಂದ ಒರೆಸಿದಳು. ಆಮೇಲೆ ತಲೆ ಎತ್ತಿ, ಜೀಪು ನಿಂತಿದ್ದ ಕಡೆ ನೋಡಿದಳು.

"ಅಕ್ಕೋರೆ, ಅವ್ರು 'ಹೊಲಸು ಮನಿ' ಅಂತ ಬರಕೋತಾರ್ರಿ. ಅವ್ರು ಯಾರೂ ನೋಡಿಲ್ಲಲ್ರಿ?"

"ಇಲ್ಲ, ಯಾರೂ ನೋಡಿಲ್ಲ," ಎಂದೆ.

ಜೀಪಿನಲ್ಲಿ ಡ್ರೈವರ್ ಬಿಟ್ಟು ಯಾರೂ ಬಂದಿಲ್ಲ ಎಂದು ಆಗಲೂ ನಾನು ಹೇಳಲಿಲ್ಲ.